ಮುದ್ದೆ ಅಳೆಯಲು ಹೋಗಿ ಸೋತಿದ್ದು (ದಿನಚರಿ 9)

ಮೂರು ವಾರದಿಂದ ಏನೂ ಬರೆದಿರಲಿಲ್ಲ. ಬರೆಯೋದಕ್ಕೆ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಮೊನ್ನೆ ಭಾನುವಾರ ಗಂಟು ಬಿಚ್ಚಿಕೊಂಡಿತು. ಬಿಚ್ಚಿದ್ದು ನಾನಲ್ಲ.

ಸಕ್ಕರೆ ಕಾಯಿಲೆ ಬರೋ ಮುಂಚೆಯೇ ತಡೆಯೋ ಪಾಠವನ್ನು ನಮ್ಮ ಬೀದಿಯ ಊಟಕ್ಕೆ ಹೊಂದಿಸೋದು ಈ ದಿನಚರಿಯ ಕೆಲಸ. ಸೊಂಟದ ಅಳತೆ, ಕಾಯಿಲೆ ಬರೋ ಅಪಾಯಕ್ಕೆ ಕೊಡೋ ಅಂಕ, ಆ ಅಂಕ 60 ಮುಟ್ಟಿದವರಿಗೆ ರಕ್ತ ಪರೀಕ್ಷೆ, ಎಲ್ಲ ಮುಗಿದಿದೆ.  ಮಂಡ್ಯದ ಈ ಬೀದಿಯ ಗುಂಪಿನಲ್ಲಿ 14 ಹೆಂಗಸರು, ಎಲ್ಲರದ್ದೂ ಬಾರ್ಡರ್ ಶುಗರ್, ಅಂದರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದಾರೆ. ಸಿಕ್ಕಿಬಿದ್ದದ್ದು ಊಟದ ಪಾಠದಲ್ಲಿ.

ಇಂಥವರಿಗೇ ಅಂತ ನಡೆದು 2002ರಲ್ಲಿ ಫಲಿತಾಂಶ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಗುರಿ ಎರಡೇ: ತೂಕ 7% ಇಳಿಸೋದು, ವಾರಕ್ಕೆ 150 ನಿಮಿಷ ಓಡಾಡೋದು. ಸಕ್ಕರೆ ಕಾಯಿಲೆ ಬರೋದು 58% ಕಡಿಮೆಯಾಯಿತು. ಆದರೆ ಅವರ ಪಾಠದಲ್ಲಿ ತಿಂದದ್ದನ್ನೆಲ್ಲ ಬರೆದಿಟ್ಟು, ಕೊಬ್ಬು ಎಷ್ಟು ಗ್ರಾಂ ಅಂತ ಲೆಕ್ಕ ಹಾಕಬೇಕು. ನಮ್ಮ ಬೀದಿಯಲ್ಲಿ ತೊಂದರೆ ಕೊಬ್ಬಿನದ್ದಲ್ಲ. ಮುದ್ದೆ, ಅದರ ಮೇಲೆ ಅನ್ನ. 2006ರ ಚೆನ್ನೈ ಅಧ್ಯಯನದಲ್ಲಿ ತೂಕ ಅಷ್ಟಾಗಿ ಇಳಿಯದಿದ್ದರೂ ಕಾಯಿಲೆ ಬರೋದು 28.5% ಕಡಿಮೆಯಾಗಿತ್ತು. ಹಾಗಾಗಿ ತೂಕದ ಮಾತು ಆಮೇಲೆ, ಮೊದಲು ತಟ್ಟೆ ಅಂತ ಹೊರಟೆ.

‘ಎಷ್ಟು ಮುದ್ದೆ ತಿಂತೀರಾ?’ ‘ಒಂದೇ ಕಣಪ್ಪ.’ ಹದಿನಾಲ್ಕು ಜನರದ್ದೂ ಇದೇ ಉತ್ತರ. ಸರಿ, ಆ ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ ಅಂದೆ. ತಕ್ಕಡಿ ಮೇಲಿಟ್ಟರೆ ಒಬ್ಬರದ್ದು 180 ಗ್ರಾಂ, ಇನ್ನೊಬ್ಬರದ್ದು 460! ‘ರಾಗಿ ತಿಂದ್ರೆ ಶುಗರ್ ಏರಲ್ಲ’ ಅನ್ನೋ ಧೈರ್ಯ ಬೇರೆ. ಅಕ್ಕಿಗಿಂತ ನಾರು ಜಾಸ್ತಿ, ನಿಜ. ಆದರೆ ರಾಗಿ ಹಿಟ್ಟಿನಲ್ಲೂ 100 ಗ್ರಾಂಗೆ ಹತ್ತಿರಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ.

ಮೊದಲ ಉಪಾಯ, ತೆಂಗಿನ ಕರಟದ ಅಚ್ಚು. ಕರಟಗಳೂ ಮುದ್ದೆಗಳ ಹಾಗೇ, ಒಂದರಂತೆ ಒಂದಿಲ್ಲ. ಎರಡನೆಯದು ಸ್ಟೀಲ್ ಬಟ್ಟಲು. ಪಾತ್ರೆ ಅಂಗಡಿಯವನು ‘ಎಲ್ಲಾ ಒಂದೇ ಸೈಜು ಸಾರ್’ ಅಂತ ತೂಕಕ್ಕೆ ಹಾಕಿ 40 ಕೊಟ್ಟ. ಮನೆಗೆ ತಂದು ನೀರು ತುಂಬಿಸಿದರೆ ಎರಡು ಸೈಜು. ಮನೆಮನೆಗೆ ಕೊಡೋ ಪಾಠದ ಕಾರ್ಡು ಅಚ್ಚು ಮಾಡಿದವನು ಇನ್ನೂ ಒಂದು ಕೈ ಮೇಲು. ‘ಒಂದು ಮುದ್ದೆ ಸಾಕು’ ಅಂತ ಬರೆದುಕೊಟ್ಟರೆ, ‘ಒಂದು ಮುದ್ದು ಸಾಕು’ ಅಂತ ಲ್ಯಾಮಿನೇಟ್ ಮಾಡಿ ಕೊಟ್ಟ. ಗುಂಪಿನಲ್ಲಿ ಅರ್ಧ ಗಂಟೆ ನಗು ನಿಲ್ಲಲಿಲ್ಲ, ಪಾಠ ಅಲ್ಲಿಗೇ ಮುಗಿಯಿತು.

ಸೈಜು ಸರಿಯಾದ ಬಟ್ಟಲಿದ್ದರೂ ಕೆಲಸ ಆಗಲಿಲ್ಲ. ಒಬ್ಬರ ಮುದ್ದೆ ಮೆತ್ತಗೆ, ಇನ್ನೊಬ್ಬರದ್ದು ಗಟ್ಟಿ. ಎಸರಿಗೆ ಹಾಕುವ ಮುಂಚೆ ಹಿಟ್ಟು ತೂಗಿ ಬನ್ನಿ ಅಂದೆ. ಅದೇ 300 ಗ್ರಾಂ ಮುದ್ದೆಯಲ್ಲಿ ಒಂದು ಕಡೆ 90 ಗ್ರಾಂ ಹಿಟ್ಟು, ಇನ್ನೊಂದು ಕಡೆ 120. ಅಂದರೆ ತಕ್ಕಡಿಯೂ ಸುಮ್ನೆ, ಬಟ್ಟಲೂ ಸುಮ್ನೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಒಬ್ಬರು ಎಲೆ ಅಡಿಕೆ ಬದಿಗಿಟ್ಟು ಹೇಳಿದರು: ‘ಅಳತೆ ಯಾಕಪ್ಪ? ಹಿಟ್ಟು ದಿನಾ ಹಾಕೋಷ್ಟೇ ಹಾಕ್ತೀನಿ. ನಾಕು ಕಟ್ಟೋ ಕಡೆ ಐದು ಕಟ್ತೀನಿ.’

ನಾನು ಬಾಯಿ ಬಿಟ್ಟುಕೊಂಡು ಕೂತೆ. ನಾಲ್ಕು ಐದಾದರೆ ಒಂದೊಂದು ಮುದ್ದೆಯೂ 20% ಚಿಕ್ಕದು. ತಕ್ಕಡಿ ಬೇಡ, ಗ್ರಾಂ ಬೇಡ. ಮೆತ್ತಗೋ ಗಟ್ಟಿಯೋ, ಅವರವರ ಮನೆ ಹದ. ತಟ್ಟೆಯಲ್ಲಿ ‘ಒಂದೇ’ ಮುದ್ದೆ ಇರೋದರಿಂದ ಯಾರಿಗೂ ಕಡಿಮೆ ಬಡಿಸಿದ ಹಾಗೆ ಅನಿಸಲ್ಲ.

‘ಐದನೇದು ಯಾರು ತಿನ್ನೋದು?’ ಅಂದೆ. ‘ಬೆಳಿಗ್ಗೆ ಮಜ್ಜಿಗೇಲಿ ಕಲಸಿ ಅಂಬಲಿ. ಇಡ್ಲಿ ತರೋದು ತಪ್ಪುತ್ತೆ. ಅಭ್ಯಾಸ ಆದ್ಮೇಲೆ ಹಿಟ್ಟೇ ಕಮ್ಮಿ ಮಾಡಿದ್ರಾಯ್ತು.’

ಎರಡು ವಾರ ಹೀಗೆ ನಡೆಸಿ ನೋಡುತ್ತೇವೆ. ಜೊತೆಗೆ ಬಸ್ಸಾರಿನ ಕಾಳು, ಸೊಪ್ಪು ಮೊದಲಿಗಿಂತ ಒಂದು ಸೌಟು ಜಾಸ್ತಿ. ಮುದ್ದೆ ಆದಮೇಲಿನ ಅನ್ನದ ಜಗಳ ಇನ್ನೂ ಬಾಕಿ ಇದೆ. ಅದಕ್ಕೆ ಈಗಲೇ ಕೈ ಹಾಕೋ ಧೈರ್ಯ ನನಗಿಲ್ಲ.

ಇದರ ನಡುವೆ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಪಕ್ಕದ ಬೀದಿಯವರು ರಂಜಾನ್ ಕಾರ್ಡು ಕೇಳುತ್ತಿದ್ದಾರೆ. ನಡಿಗೆ ರಾತ್ರಿಯ ತರಾವೀಹ್ ನಮಾಜಿಗೆ ಮುಂಚೆಯೋ ಆಮೇಲೋ? ಉಪವಾಸ ಬಿಡೋ ಇಫ್ತಾರಿನ ಶರಬತ್ತಿಗೆ ಏನು ಮಾಡೋದು? ಬರೆಯೋದು ನಾನಲ್ಲ, ಅಲ್ಲಿನ ಇಬ್ಬರು ಅಕ್ಕಂದಿರು. ತಿರುವನಂತಪುರದ ಕಡೆ 60 ಮತಗಟ್ಟೆ ವ್ಯಾಪ್ತಿಗಳಲ್ಲಿ ನಡೆದ, ಸಕ್ಕರೆ ಕಾಯಿಲೆ ತಡೆಯೋ ಕೇರಳದ ಪ್ರಯೋಗದಲ್ಲೂ ಗುಂಪಿನವರಲ್ಲೇ ಕೆಲವರು ಮುಂದಾಳುಗಳಾಗಿದ್ದರು. ನಾನು ಅದನ್ನು ಓದಿ ತಲೆಯಾಡಿಸಿದ್ದೆ, ಆಮೇಲೆ ಬಟ್ಟಲು ಕೊಳ್ಳಲು ಹೋಗಿದ್ದೆ.

ಬಟ್ಟಲು ಯಾರಿಗಾದರೂ ಬೇಕಿದ್ದರೆ ಹೇಳಿ. ಎರಡು ಸೈಜಿನವೂ ಇವೆ.