ಪೀಸಿನ ಜತೆ ಜಾತಕವೂ ಹೋಗಬೇಕು: ಮಾಚೇನಹಳ್ಳಿಯ ಶೆಡ್ಡಿಗೆ ರಕ್ಷಣಾ ಕೆಲಸ ಬಂದಾಗ

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಎರಕವಾಗಲಿ ಟರ್ನಿಂಗ್ ಆಗಲಿ ಹೊಸತಲ್ಲ. ವಾಹನದ ಬಿಡಿಭಾಗಗಳನ್ನು ಸಾವಿರಗಟ್ಟಲೆ ಮಾಡಿ ಪಳಗಿದ ಕೈಗೆ 20 ಪೀಸಿನ ರಕ್ಷಣಾ ಆರ್ಡರ್ ಏನು ಮಹಾ ಅನ್ನಿಸುತ್ತದೆ. ಎಡವುವುದು ಅಲ್ಲೇ. ಇಲ್ಲಿ ಗಿರಾಕಿ ಪ್ರತಿ ಪೀಸಿನ ಹಿಂದೂಮುಂದೂ ಕೇಳುತ್ತಾನೆ: ಯಾವ ಹೀಟಿನ (ಒಂದೇ ಸಲ ಕರಗಿಸಿದ ಕಂತಿನ) ಲೋಹ, ಯಾರು ಕಾಯಿಸಿದರು, ಯಾವ ಗೇಜಿನಲ್ಲಿ ಅಳೆದರು.

ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ದೊಡ್ಡ ಗೇಟು ಹತ್ತಿರ ಬಂದಂತೆ ಕಂಡಿದೆ. ಆದರೂ ಹೊಸ ಶಾಪಿಗೆ ನೇರ ದಾರಿಗಿಂತ, ಆಗಲೇ ವೆಂಡರ್ ಕೋಡ್ (ಪೂರೈಕೆದಾರರ ನೋಂದಣಿ ಸಂಖ್ಯೆ) ಇರುವ ಬೆಂಗಳೂರಿನ ಕಂಪನಿಯಿಂದ ತಯಾರಿಕೆಯ ಒಂದೆರಡು ಹಂತ ಹಿಡಿಯುವುದು ಲೇಸು. ಅವರ ಆಡಿಟರ್ ನಿಮ್ಮ ಶೆಡ್ಡಿಗೆ ಬರುತ್ತಾನೆ. ಬೈದರೂ ಕಲಿಸಿ ಹೋಗುತ್ತಾನೆ. ಆಮದು ಭಾಗಗಳ ಸ್ವದೇಶೀಕರಣಕ್ಕೆಂದು 2020ರಲ್ಲಿ ಶುರುವಾದ ಸೃಜನ್ ಪೋರ್ಟಲ್ಲೂ ಇದೆ. ಅದರಲ್ಲಿ ಭಾಗದ ಹೆಸರಿಗಿಂತ ಮೊದಲು ವರ್ಷಕ್ಕೆ ಎಷ್ಟು ಬೇಕು ಎಂಬುದನ್ನು ನೋಡಿ. ವರ್ಷಕ್ಕೆ ಆರೇ ಪೀಸಾದರೆ ಪ್ಯಾಟರ್ನಿನ (ಎರಕದ ಅಚ್ಚು ತೆಗೆಯುವ ಮಾದರಿಯ) ಖರ್ಚನ್ನು ಆ ಆರರ ಮೇಲೇ ಹೇರಬೇಕು, ಇಲ್ಲವೇ ಟೂಲಿಂಗ್ ದರ ಬೇರೆಯಾಗಿ ಕೇಳಬೇಕು. ರಕ್ಷಣಾ ಸಚಿವಾಲಯದ ಐಡೆಕ್ಸ್, ಟಿಡಿಎಫ್ ಯೋಜನೆಗಳ ಅನುದಾನ ಹೊಸ ತಂತ್ರಜ್ಞಾನ ಕಟ್ಟುವವರಿಗೆ, ಜಾಬ್‌ವರ್ಕ್ ಶಾಪಿಗಲ್ಲ.

ಮೊದಲ ಪೀಸಿನ ತಪಾಸಣೆಗೆ, ಎಎಸ್9102 ಎಂಬ ವಿಮಾನ ಉದ್ಯಮದ ಮಾನದಂಡದ ಪ್ರಕಾರ, ಮೂರು ಫಾರ್ಮ್. ಒಂದನೆಯದರಲ್ಲಿ ಭಾಗದ ಗುರುತು, ಎರಡನೆಯದರಲ್ಲಿ ಲೋಹ ಮತ್ತು ವಿಶೇಷ ಪ್ರಕ್ರಿಯೆ (ಕಾಯಿಸುವುದು, ಲೇಪನದಂಥವು), ಮೂರನೆಯದರಲ್ಲಿ ಪ್ರತಿ ಅಳತೆ. ಡ್ರಾಯಿಂಗಿನ ಮೇಲೆ ಪ್ರತಿ ಅಳತೆಗೂ, ಪ್ರತಿ ನೋಟ್‌ಗೂ ಬಲೂನ್ ನಂಬರ್ (ಸುತ್ತು ಹಾಕಿದ ಕ್ರಮಸಂಖ್ಯೆ) ಹಾಕಬೇಕು. ‘ಚೂಪು ಅಂಚು ಉಜ್ಜಿ’ ಎಂಬ ನೋಟಿಗೂ ನಂಬರ್ ಬೇಕು; ಹೆಚ್ಚಾಗಿ ಬಿಟ್ಟುಹೋಗುವುದು ಇಂಥವೇ. ಮುಂದೆ ಮಷಿನ್ ಜಾಗ, ಪ್ರಕ್ರಿಯೆ ಅಥವಾ ಲೋಹದ ಮೂಲ ಬದಲಾದರೆ ಅದರಿಂದ ಬದಲಾಗಬಹುದಾದ ಅಂಶಗಳಿಗಾದರೂ ಹೊಸ ತಪಾಸಣೆ ಆಗಬೇಕು. ಎರಡು ವರ್ಷ ಉತ್ಪಾದನೆ ನಿಂತರೂ ಅಷ್ಟೇ. ಕೊಟೇಷನ್ನಿನಲ್ಲಿ ಈ ತಪಾಸಣೆಗೆ ತಗಲುವ ದಿನಗಳ ಲೆಕ್ಕ ಹಿಡಿಯದವರು ಮೊದಲ ಲಾಟಿನಲ್ಲೇ ಕೈ ಸುಟ್ಟುಕೊಳ್ಳುತ್ತಾರೆ.

ಹೀಟ್ ನಂಬರ್ ಬಾರಿನ ಒಂದು ತುದಿಯಲ್ಲಿರುತ್ತದೆ. ಕತ್ತರಿಸುವ ಮೊದಲೇ ಅದನ್ನು ಪ್ರತಿ ತುಂಡಿಗೂ ದಾಟಿಸಿ, ಜಾಬ್ ಕಾರ್ಡಿಗೂ ಬರೆಯಿರಿ. ಉಳಿದ ತುಂಡು ರ‍್ಯಾಕಿಗೆ ಬಿದ್ದ ಮೇಲೆ ಇಎನ್19 ಉಕ್ಕು ಯಾವುದು, ಇಎನ್24 ಉಕ್ಕು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ನಂಬರ್ ಅಳಿಸಿದ ತುಂಡು ಆ ಕೆಲಸದ ಮಟ್ಟಿಗೆ ಗುಜರಿ.

ಶಿವಮೊಗ್ಗದವರಿಗೇ ಇರುವ ತೊಡಕು ಲೇಪನದ್ದು. ಅನುಮೋದನೆ ಪಡೆದ ಕ್ಯಾಡ್ಮಿಯಂ, ಅನೋಡೈಸಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಬೆಂಗಳೂರಿಗೇ ಕಳಿಸಬೇಕು. ವಿದೇಶಿ ಗಿರಾಕಿಯಾದರೆ ನ್ಯಾಡ್‌ಕ್ಯಾಪ್ (ವಿಶೇಷ ಪ್ರಕ್ರಿಯೆಗಳಿಗೆ ವಿಮಾನ ಉದ್ಯಮದ ಮಾನ್ಯತೆ) ಕೂಡ ಕೇಳುತ್ತಾನೆ. ಗಟ್ಟಿ ಉಕ್ಕಿಗೆ ಲೇಪನವಾಗುವಾಗ ಒಳಸೇರುವ ಹೈಡ್ರೋಜನ್ ಹೊರಹೋಗಲು ಸಾಮಾನ್ಯವಾಗಿ ಲೇಪನ ಮುಗಿದ 4 ಗಂಟೆಯೊಳಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಿಂಗ್ ಶುರುವಾಗಬೇಕು. ಲೇಪನ ಅಲ್ಲಿ, ಓವನ್ ಇಲ್ಲಿ ಅಂದರೆ 300 ಕಿಲೋಮೀಟರ್ ದಾರಿಯಲ್ಲೇ ಗಡುವು ಮುಗಿಯುತ್ತದೆ. ಪೀಸ್ ನೋಡಲು ಚೆನ್ನಾಗಿಯೇ ಇರುತ್ತದೆ. ಲೋಡ್ ಬಿದ್ದ ಎಷ್ಟೋ ಹೊತ್ತಿನ ಮೇಲೆ ಸುಳಿವಿಲ್ಲದೆ ಬಿರುಕು ಬಿಡುತ್ತದೆ. ಎರಡೂ ಒಂದೇ ಸೂರಿನಡಿ ಆಗಲಿ, ಓವನ್ ಚಾರ್ಟಿನ ಪ್ರತಿ ಕೇಳಿ ಪಡೆಯಿರಿ.

ಅಳತೆಯ ಜಗಳಕ್ಕೆ ಅರ್ಧ ಕಾರಣ ಸೆಖೆ. ಪ್ರಮಾಣ ತಾಪಮಾನ 20 ಡಿಗ್ರಿ. 300 ಮಿ.ಮೀ. ಅಲ್ಯೂಮಿನಿಯಂ ಭಾಗ 28 ಡಿಗ್ರಿಯ ಶೆಡ್ಡಿನಲ್ಲಿ ಸುಮಾರು 55 ಮೈಕ್ರಾನ್ ಹಿಗ್ಗಿರುತ್ತದೆ. ಸ್ಟೀಲ್ ಗೇಜೂ ಹಿಗ್ಗುತ್ತದೆ, ಆದರೆ ಅದರ ಅರ್ಧದಷ್ಟು. ಹಾಗಾಗಿ 28 ಮೈಕ್ರಾನಿನ ತಪ್ಪು ಉಳಿಯುತ್ತದೆ: ನೀವು ಸರಿ ಎಂದು ಕಳಿಸಿದ್ದು ಗಿರಾಕಿಯ 20 ಡಿಗ್ರಿ ಕೋಣೆಯಲ್ಲಿ ಸಣ್ಣದು. ಭಾಗವನ್ನು 20 ಡಿಗ್ರಿಯ ಸಿಎಂಎಂ (ಅಳತೆ ಯಂತ್ರದ) ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ಅಳೆದರೆ ತಕರಾರು ಕಮ್ಮಿ. ಮಳೆಗಾಲದ ಕಥೆ ಬೇರೆ. ಬರಿಗೈಲಿ ಮುಟ್ಟಿದ ಉಕ್ಕಿನ ಮೇಲೆ ಬೆರಳಚ್ಚಿನದೇ ತುಕ್ಕು ಏಳುತ್ತದೆ. ಕೈಗವಸು, ತುಕ್ಕು ನಿರೋಧಕ ಎಣ್ಣೆ, ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಕವರು, ಅದೂ ಅಂದೇ ಪ್ಯಾಕಿಂಗ್.

ಡ್ರಾಯಿಂಗ್ ಗಿರಾಕಿಯ ಸ್ವತ್ತು. ಲೇಪನದವನಿಗೆ ವಾಟ್ಸಾಪಿನಲ್ಲಿ ಇಡೀ ಹಾಳೆ ಕಳಿಸುವ ಚಟಕ್ಕೇ ಒಪ್ಪಂದ ಮುರಿಯಬಹುದು. ಗಿರಾಕಿಯ ಲಿಖಿತ ಒಪ್ಪಿಗೆ ಪಡೆದು, ಲೇಪನದವನಿಗೆ ಬೇಕಾದ ಲೇಪನದ ದಪ್ಪ, ಮುಚ್ಚಬೇಕಾದ ಜಾಗ ಇಷ್ಟೇ ಬರೆದ ಚೀಟಿ ಕೊಡಿ. ಕೆಲಸ ಮುಗಿದ ಮೇಲೆ ವಾಪಸ್ ಪಡೆಯಿರಿ.

ಕಡೆಗೆ ದುಡ್ಡು. ಒಪ್ಪಂದದಲ್ಲಿ ‘ಮೇಲಿನವರು ಕೊಟ್ಟ ಮೇಲೆ ಕೊಡುತ್ತೇವೆ’ ಎಂಬ ಸಾಲು ನುಸುಳಿರುತ್ತದೆ. ಸೂಕ್ಷ್ಮ, ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಕಾಯ್ದೆಯಡಿ ಏನೇ ಬರೆದುಕೊಂಡರೂ ಮಾಲು ಒಪ್ಪಿದ ದಿನದಿಂದ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಬಾರದಿದ್ದರೆ ತಲುಪಿದ ದಿನವೇ ಒಪ್ಪಿದ ದಿನ. ಆದ್ದರಿಂದ ಆರ್ಡರ್ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ, ಡೆಲಿವರಿ ಚಲನ್ನಿನ ಮೇಲೆ ತಾರೀಕು ಸಮೇತ ಸ್ಟೋರಿನ ಸೀಲು ಬೀಳುವವರೆಗೆ ಗಾಡಿ ಹೊರಡಿಸಬೇಡಿ.