ಮಳೆ ಡೈರಿಯ ಟ್ಯಾಗು ಬಿಡಿಸಿದ ದಿನ

ಕಾಫಿ ತೋಟವೊಂದರ ಮಳೆ ಡೈರಿ ಎಕ್ಸ್‌ಎಂಎಲ್ ಫೈಲುಗಳಾಗಿ (ಪ್ರತಿ ಮಾಹಿತಿಯ ಸುತ್ತ ಅದರ ಹೆಸರಿನ ಟ್ಯಾಗು ಇರುವ ಪಠ್ಯ) ಕೈಗೆ ಬಂದಿತ್ತು. ವರ್ಷಕ್ಕೊಂದು ಫೈಲು, ದಿನಕ್ಕೊಂದು ನಮೂದು. ಕೊಡಗಿನ ತೋಟಗಳಲ್ಲಿ ಮಳೆ ಬರೆದಿಡುವುದು ಇಂಚು-ಸೆಂಟಿನ ಲೆಕ್ಕದಲ್ಲಿ, 100 ಸೆಂಟಿಗೆ ಒಂದು ಇಂಚು. ಆದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸಾಕಾಯಿತೇ, ರೋಗ ಎಲ್ಲಿ ಕಾಣಿಸಿತು ಎಂಬ ನಿಜವಾದ ಮಾಹಿತಿ ಇರುವುದು ಟಿಪ್ಪಣಿಯಲ್ಲಿ. ಬೇಕಾಗಿದ್ದುದೂ ಟ್ಯಾಗು ಬಿಡಿಸಿದ ಆ ಟಿಪ್ಪಣಿಗಳಷ್ಟೇ, ಸಾಲಿಗೊಂದರಂತೆ.

<ದಿನ><ಮಳೆ>2.35</ಮಳೆ><ಟಿಪ್ಪಣಿ>ಇಂದು <ಜಾಗ>ಕೆಳಗಿನ ತೋಟ</ಜಾಗ>ದಲ್ಲಿ ಕೊಳೆರೋಗ ಕಂಡಿತು</ಟಿಪ್ಪಣಿ></ದಿನ>

ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬುವಂತಿಲ್ಲ. ಹಾಗಾಗಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಎಕ್ಸ್‌ಎಂಎಲ್ ಓದುವ ಸಲಕರಣೆ ಎಲಿಮೆಂಟ್‌ಟ್ರೀ ಒಳ್ಳೆಯದು, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಫೈಲನ್ನು ಪಾರ್ಸ್ ಮಾಡಿ (ಟ್ಯಾಗುಗಳನ್ನು ಬಿಡಿಬಿಡಿಯಾಗಿ ಓದಿಸಿ), ಐಟರ್‌ನಿಂದ ಪ್ರತಿ ಟಿಪ್ಪಣಿ ಹಿಡಿದು, ಅದರ ಟೆಕ್ಸ್ಟ್ ಬರೆಸಿದರೆ ಸಿಕ್ಕಿದ್ದು ‘ಇಂದು’ ಎಂಬ ಒಂದೇ ಪದ! ಟೆಕ್ಸ್ಟ್ ಎಂದರೆ ಮೊದಲ ಒಳಟ್ಯಾಗಿನವರೆಗಿನ ಪಠ್ಯ ಮಾತ್ರ. ‘ದಲ್ಲಿ ಕೊಳೆರೋಗ ಕಂಡಿತು’ ಎಂಬುದು ಜಾಗ ಟ್ಯಾಗಿನ ಟೇಲ್‌ನಲ್ಲಿ (ಟ್ಯಾಗು ಮುಚ್ಚಿದ ನಂತರದ ಪಠ್ಯ) ಕೂತಿರುತ್ತದೆ. ಎರರ್ ಬರುವುದಿಲ್ಲ, ಪಠ್ಯ ಸದ್ದಿಲ್ಲದೆ ಕಳೆದುಹೋಗುತ್ತದೆ. ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಐಟರ್‌ಟೆಕ್ಸ್ಟ್ ಎಲ್ಲ ತುಂಡುಗಳನ್ನೂ ಕೊಡುತ್ತದೆ. ಅವನ್ನು ನಡುವೆ ಏನೂ ಇಡದೆ ಜೋಡಿಸಬೇಕು. ನಡುವೆ ಖಾಲಿ ಜಾಗ ಬಿಟ್ಟರೆ ‘ತೋಟ ದಲ್ಲಿ’ ಎಂದಾಗಿ ವಿಭಕ್ತಿ ಮುರಿದುಬೀಳುತ್ತದೆ.

ಒಂದು ಫೈಲು ತೆರೆಯಲೇ ಇಲ್ಲ. ಎರರಿನಲ್ಲಿದ್ದ ಸಾಲಿಗೆ ಹೋದರೆ ‘ಏಲಕ್ಕಿ & ಮೆಣಸು’. ಬರಿಯ & ಚಿಹ್ನೆ ಎಕ್ಸ್‌ಎಂಎಲ್‌ಗೆ ಆಗಿಬರದು, &#38; ಎಂದಿರಬೇಕು. ಫೈಲಿನಲ್ಲಿರುವ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಸರಿಯಾಗಿದ್ದವೂ ಕೆಡುತ್ತವೆ.

ಹೆಚ್ಚು ಹೊತ್ತು ತಿಂದದ್ದು ‘ಕೊಳೆರೋಗ’. ಹುಡುಕಿದರೆ ಕಣ್ಣೆದುರೇ ಇದ್ದ ಎಷ್ಟೋ ಸಾಲುಗಳು ಸಿಗಲಿಲ್ಲ. ಯೂನಿಕೋಡಿನಲ್ಲಿ ೊ ಒಂದೇ ಸಂಕೇತವಾಗಿಯೂ ಇರಬಹುದು, ೆ ಮತ್ತು ೂ ಸೇರಿ ಎರಡಾಗಿಯೂ ಇರಬಹುದು. ೋ ಬಿಡಿಸಿದರೆ ಮೂರು. ತೆರೆಯ ಮೇಲೆ ವ್ಯತ್ಯಾಸವೇ ಕಾಣದು. ಪಠ್ಯವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದಾಗಿಸುವ ರೂಪ) ನಾರ್ಮಲೈಸ್ ಮಾಡಿದ ಮೇಲೆ ಎಲ್ಲವೂ ಸಿಕ್ಕವು. ಕನ್ನಡ ಪಠ್ಯಕ್ಕೆ ಇದನ್ನು ಬಿಡಲೇಬಾರದು.

ಟಿಪ್ಪಣಿಗಳನ್ನು ಬರೆಯುವ ಫೈಲಿಗೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಇಡುವ ಕ್ರಮ) ಎಂದು ಹೇಳಿಯೇ ತೆರೆಯಬೇಕು. ಎಕ್ಸೆಲ್‌ನಲ್ಲಿ ನೋಡುವುದಾದರೆ ಫೈಲಿನ ಮೊದಲಿಗೇ ಗುರುತು ಹಾಕುವ ‘ಸಿಗ್’ ಸೇರಿಸಿದ ರೂಪ ಬೇಕು, ಇಲ್ಲವಾದರೆ ಅಕ್ಷರಗಳು ಚೆಲ್ಲಾಪಿಲ್ಲಿ.

ಕೊನೆಗೆ ಸಾಲು ಎಣಿಸಿದೆ. ಅಧಿಕ ವರ್ಷವಲ್ಲದ ಒಂದು ಫೈಲಿನಿಂದ 367 ಬಂದವು. ಎರಡು ಟಿಪ್ಪಣಿಗಳ ಒಳಗೆ ಯಾರೋ ಒಂದೊಂದು ಸಲ ಎಂಟರ್ ಒತ್ತಿದ್ದರು. ಪ್ರತಿ ಟಿಪ್ಪಣಿಯನ್ನು ಸ್ಪ್ಲಿಟ್ ಮಾಡಿ, ಪದಗಳ ನಡುವೆ ಒಂದೊಂದೇ ಜಾಗವಿಟ್ಟು ಮತ್ತೆ ಜೋಡಿಸಿದಾಗ 365 ಆಯಿತು.