ನಲವತ್ತೊಂದರಲ್ಲಿ ಎಂಟನೆಯದು

ಡೊಂಬಿವಲಿ, 14 ಜುಲೈ 2024, ಭಾನುವಾರ

ಬೆಳಗಿನಿಂದ ಮಳೆ ಹಿಡಿದುಕೊಂಡಿದೆ. ಧಾರವಾಡದಿಂದ ಬಂದು ನಮ್ಮ ಮನೆಯಲ್ಲೇ ಉಳಿದುಕೊಂಡು ಮುಂಬಯಿಯ ಸಾಕಿನಾಕಾದ ಕಚೇರಿಯೊಂದಕ್ಕೆ ಹೋಗಿಬರುತ್ತಿರುವ ಅಕ್ಕನ ಮಗಳು ತಿಂಡಿಯಾದ ಮೇಲೆ ನನ್ನ ಪುಸ್ತಕದ ಕಪಾಟಿನ ಮುಂದೆ ಕೂತು, ಕೆಳಗಿನ ಎರಡು ಸಾಲುಗಳಲ್ಲಿ ತುಂಬಿರುವ, ಇಂಗ್ಲೆಂಡಿನ ಹಾಸ್ಯ ಲೇಖಕ ಟೆರ್ರಿ ಪ್ರ್ಯಾಚೆಟ್ ಅವರ ಪುಸ್ತಕಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಮೂವತ್ತಮೂರು ಆದವು. ಅವಳ ಕಚೇರಿಯಲ್ಲಿ ಯಾರೋ ಡಿಸ್ಕ್‌ವರ್ಲ್ಡ್ ಎಂಬ ಈ ಮಾಯಾಲೋಕದ ಕಾದಂಬರಿಗಳ ಸರಣಿಯನ್ನು ಹೊಗಳಿದ್ದಾರೆ. "ಮಾಮಾ, ಎಲ್ಲಾ ಸೇರಿ ನಲವತ್ತೊಂದು ಅದಾವಂತ. ಒಂದನೇದರಿಂದನ ಹಿಡೀಬೇಕೇನು?" ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ವಿವರಿಸುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಆಗ ನೆಟ್ಟಗೆ ಹೇಳಲಾಗದೆ ಹೋದದ್ದನ್ನು ಈಗ ಕೂತು ಬರೆದಿಡುತ್ತಿದ್ದೇನೆ.

ನಾನು ಒಂದನೆಯದರಿಂದಲೇ ಹಿಡಿದವನು. 1996ರ ಸುಮಾರಿಗೆ ಮಾಟುಂಗದ ಕಿಂಗ್ಸ್ ಸರ್ಕಲ್‌ನ ಹಳೆಯ ಪುಸ್ತಕದ ಸಾಲಿನಲ್ಲಿ ಮೂವತ್ತು ರೂಪಾಯಿಗೆ ಸಿಕ್ಕಿದ 'ದಿ ಕಲರ್ ಆಫ್ ಮ್ಯಾಜಿಕ್' ಎಂಬ ಆ ಪುಸ್ತಕ 1983ರಲ್ಲಿ ಮೊದಲು ಪ್ರಕಟವಾದದ್ದು. ಅದರ ಮುಖಪುಟದಲ್ಲಿ ಜೋಶ್ ಕಿರ್ಬಿ ಬಿಡಿಸಿದ್ದ, ಒಬ್ಬರ ಮೇಲೊಬ್ಬರು ಬಿದ್ದಂತಿದ್ದ ಜನರ ಗುಂಪು ಸಂಜೆಯ ಲೋಕಲ್ ಗಾಡಿಯ ಬಾಗಿಲಿನಂತೆಯೇ ಕಂಡಿದ್ದರಿಂದ ಕೊಂಡಿದ್ದೆ. ಮಂತ್ರವೇ ಬಾರದ ರಿನ್ಸ್‌ವಿಂಡ್ ಎಂಬ ಮಾಂತ್ರಿಕ, ಆ ಲೋಕಕ್ಕೆ ಮೊತ್ತಮೊದಲು ಬಂದ ಪ್ರವಾಸಿ, ನೂರಾರು ಕಾಲುಗಳ ಮೇಲೆ ಅವನ ಹಿಂದೆಯೇ ನಡೆದು ಬರುವ ಮರದ ಪೆಟ್ಟಿಗೆ, ಇವೆಲ್ಲ ಇದ್ದೂ ನನಗೆ ನಗು ಬರಲಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಆರು ವರ್ಷ ಮುಟ್ಟಲಿಲ್ಲ.

ಕಾರಣ ತಿಳಿದದ್ದು ಬಹಳ ತಡವಾಗಿ. ಆ ಪುಸ್ತಕ ಒಂದು ಅಣಕ. ಫ್ರಿಟ್ಜ್ ಲೈಬರ್, ರಾಬರ್ಟ್ ಹೋವರ್ಡ್, ಆನ್ ಮೆಕ್ಯಾಫ್ರಿ ಮುಂತಾದವರ ಕತ್ತಿ-ಮಂತ್ರ-ಡ್ರ್ಯಾಗನ್ನುಗಳ ಕಥೆಗಳನ್ನು ಓದಿ ಬೆಳೆದವರಿಗೆ ಅದರಲ್ಲಿ ಪುಟಪುಟಕ್ಕೂ ಕಚಗುಳಿ ಇದೆ. ಅಣಕವಾಡು ಕೇಳಿ ನಗಬೇಕಾದರೆ ಮೂಲ ಹಾಡು ಕಿವಿಯಲ್ಲಿರಬೇಕಲ್ಲವೇ? ಗಳಗನಾಥರಿಂದ ಶುರುಮಾಡಿ ತರಾಸು ಅವರವರೆಗೆ ಓದಿಕೊಂಡು ಬಂದಿದ್ದ ನನಗೆ ಆ ಮೂಲ ಹಾಡುಗಳ ಒಂದು ಸಾಲೂ ಗೊತ್ತಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಇಂಗ್ಲಿಷ್ ಓದುಗರನ್ನು ಮೊದಲ ಪುಟದಲ್ಲೇ ಬೆರಗುಗೊಳಿಸುವ ಚಿತ್ರ, ಅಂದರೆ ತಟ್ಟೆಯಂಥ ಭೂಮಿಯನ್ನು ಆನೆಗಳು ಹೊತ್ತಿರುವುದು, ಆ ಆನೆಗಳನ್ನು ಆಕಾಶದಲ್ಲಿ ಈಜುವ ಮಹಾ ಆಮೆಯೊಂದು ಹೊತ್ತಿರುವುದು, ನಮ್ಮಂಥವರಿಗೆ ಏನೂ ಅನ್ನಿಸುವುದಿಲ್ಲ. ಕೂರ್ಮನನ್ನೂ ಅಷ್ಟದಿಗ್ಗಜಗಳನ್ನೂ ಚಿಕ್ಕಂದಿನಲ್ಲೇ ಕೇಳಿದವನಿಗೆ ಅಲ್ಲಿ ತಟ್ಟುವುದು ಒಂದೇ ಸಂಗತಿ: ನಮ್ಮಲ್ಲಿ ಆನೆ ಎಂಟು, ಅವರಲ್ಲಿ ನಾಲ್ಕೇ.

ಪ್ರ್ಯಾಚೆಟ್ ಆಗ ವಿದ್ಯುತ್ ಮಂಡಳಿಯೊಂದರ ಪತ್ರಿಕಾ ಅಧಿಕಾರಿಯಾಗಿದ್ದು, ಉಳಿದ ಹೊತ್ತಿನಲ್ಲಿ ಬರೆಯುತ್ತಿದ್ದರು. 1987ರಲ್ಲಿ ನಾಲ್ಕನೆಯ ಪುಸ್ತಕ 'ಮೋರ್ಟ್' ಮುಗಿಸಿದ ಮೇಲೆ ನೌಕರಿ ಬಿಟ್ಟರು. ಆಮೇಲಿನ ಪುಸ್ತಕಗಳಲ್ಲಿ ಅವರ ನಗೆ ನಿಧಾನವಾಗಿ ದಿಕ್ಕು ಬದಲಿಸಿತು. ಬೇರೆ ಪುಸ್ತಕಗಳನ್ನು ಕಂಡು ನಗುತ್ತಿದ್ದವರು ಊರನ್ನೂ ಜನರನ್ನೂ ಕಂಡು ನಗತೊಡಗಿದರು. ಆ ಬದಲಾವಣೆ ಪೂರ್ತಿಯಾಗಿ ಕಾಣುವುದು 1989ರ 'ಗಾರ್ಡ್ಸ್! ಗಾರ್ಡ್ಸ್!' ಎಂಬ ಎಂಟನೆಯ ಪುಸ್ತಕದಲ್ಲಿ. ಮುಂಬಯಿಯಲ್ಲಿ ಬದುಕುವವರು ಇಲ್ಲಿಂದಲೇ ಹೊರಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಇದಕ್ಕೆ ಬೇಕಾದ ಪೂರ್ವಸಿದ್ಧತೆ ಈ ಊರಿನಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಆಗಿಯೇ ಇರುತ್ತದೆ.

ಕಥೆ ನಡೆಯುವುದು ಆಂಕ್-ಮಾರ್ಪೋರ್ಕ್ ಎಂಬ ಮಹಾನಗರದಲ್ಲಿ. ಅದರ ನಡುವೆ ಹರಿಯುವ ನದಿ ಎಷ್ಟು ಗಟ್ಟಿಯೆಂದರೆ ಅದರ ಮೇಲೆ ನಡೆಯಬಹುದು. ಮುಂಬಯಿಯ ಮಿಠಿ ನದಿಯ ಸೇತುವೆ ದಾಟುವಾಗ ಮೂಗು ಮುಚ್ಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರನ್ನಾಳುವ ವೆಟಿನಾರಿ ಎಂಬಾತ ಕಳ್ಳತನವನ್ನು ನಿಲ್ಲಿಸಲಾಗದೆಂದು ತಿಳಿದು ಕಳ್ಳರಿಗೇ ಒಂದು ಅಧಿಕೃತ ಸಂಘ ಕಟ್ಟಿಕೊಟ್ಟಿದ್ದಾನೆ. ವರ್ಷಕ್ಕೆ ಇಷ್ಟು ಎಂದು ಮಿತಿ, ಕಳೆದುಕೊಂಡವರಿಗೆ ರಸೀದಿ, ಸಂಘದ ಸದಸ್ಯನಲ್ಲದೆ ಕದ್ದವನನ್ನು ಸಂಘವೇ ವಿಚಾರಿಸಿಕೊಳ್ಳುತ್ತದೆ. ಹೀಗಾಗಿ ಪೊಲೀಸರಿಗೆ ಕೆಲಸವೇ ಉಳಿದಿಲ್ಲ. ರಾತ್ರಿ ಪಹರೆಯಲ್ಲಿ ಉಳಿದವರು ಮೂವರು. ಅವರ ನಾಯಕ ಸ್ಯಾಮ್ ವೈಮ್ಸ್ ನಮಗೆ ಮೊದಲು ಕಾಣಿಸಿಕೊಳ್ಳುವುದೇ ಕುಡಿದು ಗಟಾರದಲ್ಲಿ ಬಿದ್ದವನಾಗಿ.

ಅಂಥ ಊರಿಗೆ ಕ್ಯಾರಟ್ ಎಂಬ ಹಳ್ಳಿಯ ಹುಡುಗ ಬರುತ್ತಾನೆ. ಕುಳ್ಳರ ಗಣಿಯಲ್ಲಿ ಸಾಕುಮಗನಾಗಿ ಬೆಳೆದು, ಆರಡಿ ಮೀರಿದ ಮೇಲೂ ತಾನು ಕುಳ್ಳನೆಂದೇ ನಂಬಿರುವವನು. ಊರಿನ ಕಾನೂನಿನ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಅದನ್ನು ಯಾರೂ ಪಾಲಿಸುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ಬಂದವನೇ ಕಳ್ಳರ ಸಂಘದ ಅಧ್ಯಕ್ಷನನ್ನು ಕಳ್ಳತನದ ಆರೋಪದ ಮೇಲೆ ಬಂಧಿಸಿಬಿಡುತ್ತಾನೆ! ನಡುನಡುವೆ ಅವನು ಊರಿಗೆ ಬರೆಯುವ, ಕಾಗುಣಿತ ತಪ್ಪಿದ ಪತ್ರಗಳು ಬರುತ್ತವೆ. ಕೆಲಸ ಸಿಕ್ಕಿದೆ, ಜನ ಒಳ್ಳೆಯವರು, ನೀವು ಚಿಂತೆ ಮಾಡಬೇಡಿ ಎಂಬ ಧಾಟಿಯ ಆ ಪತ್ರಗಳನ್ನು ಓದುವಾಗ, ದಾದರಿನ ಖೋಲಿಯಲ್ಲಿ ಏಳು ಜನರ ನಡುವೆ ಚಾಪೆ ಹಾಸಿಕೊಂಡು ನಾನು ಅಪ್ಪನಿಗೆ ಬರೆಯುತ್ತಿದ್ದ ಕಾರ್ಡುಗಳೇ ಕಣ್ಣ ಮುಂದೆ ಬಂದವು. ನಾನು ಈ ಲೇಖಕರಿಗೆ ಸೋತದ್ದು ಅಲ್ಲಿಯೇ.

ಮುಂದಿನ ಪಹರೆಯ ಕಥೆ 1993ರ 'ಮೆನ್ ಎಟ್ ಆರ್ಮ್ಸ್'. ಅದರಲ್ಲಿ ವೈಮ್ಸ್ ತನ್ನ ಬೂಟುಗಳ ಬಗ್ಗೆ ಯೋಚಿಸುವ ಒಂದು ಭಾಗವಿದೆ. ಅವನ ಸಂಬಳ ತಿಂಗಳಿಗೆ ಮೂವತ್ತೆಂಟು ಡಾಲರ್. ಒಳ್ಳೆಯ ಚರ್ಮದ ಬೂಟಿಗೆ ಐವತ್ತು ಡಾಲರ್, ಅವು ಹತ್ತು ವರ್ಷ ಬರುತ್ತವೆ. ಅವನ ಕೈಗೆಟಕುವ ಬೂಟಿಗೆ ಹತ್ತು ಡಾಲರ್, ಒಂದೆರಡು ಹಂಗಾಮು ಕಳೆಯುವಷ್ಟರಲ್ಲಿ ಅದರ ರಟ್ಟಿನ ಅಟ್ಟೆ ಹರಿದು ನೀರು ಒಳಗೆ ಬರುತ್ತದೆ. ಹತ್ತು ವರ್ಷದಲ್ಲಿ ಬಡವನು ನೂರು ಡಾಲರ್ ಸುರಿದಿರುತ್ತಾನೆ, ಆದರೂ ಅವನ ಕಾಲು ಒದ್ದೆಯೇ. ಅಟ್ಟೆ ತೆಳುವಾಗಿರುವುದರಿಂದ ಮಂಜು ಕವಿದ ರಾತ್ರಿಯಲ್ಲೂ ತಾನು ಯಾವ ಬೀದಿಯಲ್ಲಿದ್ದೇನೆ ಎಂಬುದು ಅವನಿಗೆ ಕಲ್ಲುಹಾಸಿನ ಸ್ಪರ್ಶದಿಂದಲೇ ತಿಳಿಯುತ್ತದೆ ಎಂಬುದೊಂದೇ ಲಾಭ. ಪ್ರತಿ ಜೂನಿನಲ್ಲಿ ಸ್ಟೇಷನ್ನಿನ ಹೊರಗೆ ಇನ್ನೂರು ರೂಪಾಯಿಯ ಪ್ಲಾಸ್ಟಿಕ್ ಚಪ್ಪಲಿ ಕೊಂಡು, ಆಗಸ್ಟಿನಲ್ಲಿ ಅದರ ಪಟ್ಟಿ ಕಿತ್ತು, ಮತ್ತೆ ಅದನ್ನೇ ಕೊಳ್ಳುವ ನಮಗೆ ಇದಕ್ಕಿಂತ ಸ್ಪಷ್ಟವಾದ ಅರ್ಥಶಾಸ್ತ್ರ ಬೇರೆ ಯಾವುದಿದೆ? 2022ರಲ್ಲಿ ಬ್ರಿಟನ್ನಿನಲ್ಲಿ ಅಗ್ಗದ ದಿನಸಿಗಳ ಬೆಲೆಯೇರಿಕೆಯನ್ನು ಅಳೆಯುವ ಸೂಚ್ಯಂಕವೊಂದಕ್ಕೆ ಈ ಬೂಟುಗಳ ಹೆಸರನ್ನೇ ಇಟ್ಟರು. ನಾನು ಈ ಪುಟಗಳನ್ನು ಓದಿ ಹೇಳಿದಾಗ ಅಕ್ಕನ ಮಗಳು ಬಾಗಿಲ ಬಳಿ ಒಣಗಲು ಬಿಟ್ಟಿದ್ದ ತನ್ನ ಶೂಗಳತ್ತ ನೋಡಿದಳು. ಅವುಗಳೊಳಗೆ ತುರುಕಿದ್ದ ಪೇಪರು ಇನ್ನೂ ಹಸಿಯಾಗಿತ್ತು.

ಬೇರೆ ಬಾಗಿಲುಗಳಿಲ್ಲವೆಂದಲ್ಲ. 'ಮೋರ್ಟ್' ಎಂಬುದು ಸಾವು ಎಂಬ ಪಾತ್ರ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ಕಥೆ. ನಮ್ಮ ಯಮನಂತೆ ಈತ ಪಾಪ-ಪುಣ್ಯಗಳ ಲೆಕ್ಕಕ್ಕೆ ಹೋಗುವುದಿಲ್ಲ; ಬಿಂಕಿ ಎಂಬ ಬಿಳಿ ಕುದುರೆಯೇರಿ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಬೆಕ್ಕುಗಳೆಂದರೆ ಪ್ರೀತಿ, ಮಸಾಲೆಯ ಸಾರೆಂದರೆ ಇಷ್ಟ. ಇಂಗ್ಲಿಷಿನಲ್ಲಿ ಆತನ ಮಾತುಗಳೆಲ್ಲ ದೊಡ್ಡಕ್ಷರಗಳಲ್ಲಿ, ಉದ್ಧರಣ ಚಿಹ್ನೆಯಿಲ್ಲದೆ ಅಚ್ಚಾಗಿವೆ. ದೊಡ್ಡಕ್ಷರಗಳೇ ಇಲ್ಲದ ಕನ್ನಡಕ್ಕೆ ಇದನ್ನು ತರುವುದು ಹೇಗೆಂದು ನಾನು ಎಷ್ಟೋ ಸಲ ಗಾಡಿಯಲ್ಲಿ ಯೋಚಿಸಿದ್ದೇನೆ. ಆತನೊಬ್ಬನನ್ನು ಮಾತ್ರ ಹಳಗನ್ನಡದಲ್ಲಿ ಮಾತಾಡಿಸಿದರೆ ಸರಿಹೋಗಬಹುದು ಎಂಬುದು ಸದ್ಯದ ತೀರ್ಮಾನ.

ಮಾಟಗಾತಿಯರ ಸಾಲಿನಲ್ಲಿ 1988ರ 'ವಿರ್ಡ್ ಸಿಸ್ಟರ್ಸ್' ಮ್ಯಾಕ್‌ಬೆತ್ ನಾಟಕವನ್ನು ಬುಡಮೇಲು ಮಾಡುತ್ತದೆ. ಅದೂ ಅಣಕವೇ, ಆದರೆ ಈ ಸಲ ಮೂಲ ನಮಗೆ ಗೊತ್ತು; ಬಿ.ವಿ. ಕಾರಂತರು ಯಕ್ಷಗಾನದ ಛಾಯೆಯಲ್ಲಿ ಆಡಿಸಿದ 'ಬರ್ನಂ ವನ'ದ ಮಾತು ಕೇಳುತ್ತಲೇ ಬೆಳೆದ ನಾಟಕದ ಹುಚ್ಚಿನವರು ಇಲ್ಲಿಂದ ಹೊರಟರೆ ನನ್ನ ತಕರಾರಿಲ್ಲ. ಸರಣಿಯ ಗೊಡವೆಯೇ ಬೇಡ, ಒಂದೇ ಪುಸ್ತಕ ಸಾಕು ಎನ್ನುವವರಿಗೆ 1992ರ 'ಸ್ಮಾಲ್ ಗಾಡ್ಸ್' ಇದೆ. ಅಲ್ಲಿ ದೊಡ್ಡ ಸಾಮ್ರಾಜ್ಯವೊಂದರ ದೇವರು ಆಮೆಯಾಗಿ ನೆಲಕ್ಕೆ ಬೀಳುತ್ತಾನೆ. ಗುಡಿ, ಪೂಜಾರಿಗಳು, ಸೈನ್ಯ ಎಲ್ಲ ಇದ್ದರೂ ಅವನನ್ನು ನಿಜವಾಗಿ ನಂಬುವವನು ತೋಟದ ಕೆಲಸದ ಹುಡುಗನೊಬ್ಬನೇ ಉಳಿದಿರುತ್ತಾನೆ. ವಚನಗಳನ್ನು ಓದಿದವರಿಗೆ ಈ ಪುಸ್ತಕ ಬಹಳ ಹತ್ತಿರದ್ದು ಅನ್ನಿಸುತ್ತದೆ. ಒಂಬತ್ತು ವರ್ಷದ ಹುಡುಗಿ ಬಾಣಲೆ ಹಿಡಿದು ನೀರಿನ ಪಿಶಾಚಿಯನ್ನು ಬಡಿಯುವ 'ದಿ ವೀ ಫ್ರೀ ಮೆನ್' ಮಕ್ಕಳಿಗೆಂದು ಬರೆದದ್ದು. ಅದರ ನೀಲಿ ಕುಳ್ಳರ ಸ್ಕಾಟಿಷ್ ಮಾತು ಮಾತ್ರ ಮೊದಲಿಗೆ ನಾಲಿಗೆಗೆ ಸಿಗುವುದಿಲ್ಲ.

ಎಲ್ಲಿಂದ ಹೊರಡಬಾರದು ಎಂಬುದನ್ನೂ ಹೇಳಿದೆ. 2002ರ 'ನೈಟ್ ವಾಚ್' ಇಡೀ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಆದ್ದರಿಂದಲೇ ಮೊದಲು ಓದಬಾರದು. ವೈಮ್ಸ್ ಏನಾಗಿದ್ದವನು ಏನಾದ ಎಂಬುದು ಗೊತ್ತಿಲ್ಲದೆ ಅವನು ತನ್ನದೇ ಹಳೆಯ ಊರಿಗೆ ಮೂವತ್ತು ವರ್ಷ ಹಿಂದಕ್ಕೆ ಹೋಗಿ ಬಿದ್ದರೆ ನಮಗೇನು? ಕೊನೆಯ ಕೆಲವನ್ನೂ ಕೊನೆಗೇ ಬಿಡಬೇಕು. ಪ್ರ್ಯಾಚೆಟ್‌ರಿಗೆ ಅಲ್ಜೈಮರ್ಸ್‌ನ ಅಪರೂಪದ ರೂಪವೊಂದು ತಗುಲಿದ್ದು 2007ರಲ್ಲಿ ತಿಳಿಯಿತು. ಬರೆಯುವ ಕೈ ನಿಂತ ಮೇಲೆ ಬಾಯಲ್ಲಿ ಹೇಳಿ ಬರೆಸಿದರು, 2015ರ ಮಾರ್ಚಿನಲ್ಲಿ ತೀರಿಕೊಂಡರು. 2013ರ 'ರೇಸಿಂಗ್ ಸ್ಟೀಮ್' ಓದುವಾಗ ವಾಕ್ಯಗಳ ಹಳೆಯ ಬಿಗಿ ಸಡಿಲವಾದದ್ದು ಗೊತ್ತಾಗುತ್ತದೆ. ಅದನ್ನೇ ಮೊದಲು ಓದಿದವರು ಇವರನ್ನು ಸಾಧಾರಣ ಲೇಖಕರೆಂದುಕೊಂಡಾರು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅವಳು ಎಂಟನೆಯದನ್ನು ತೆಗೆದು ಹಾಳೆ ತಿರುವಿದಳು. "ಇದರಾಗ ಅಧ್ಯಾಯನ ಇಲ್ಲಲ್ಲ ಮಾಮಾ. ಘಾಟ್ಕೋಪರ ಬಂದಾಗ ಎಲ್ಲಿ ನಿಲ್ಲಿಸಲಿ?" ಅವಳು ಗಾಡಿ ಇಳಿಯುವ ಸ್ಟೇಷನ್ ಅದು. ಈ ತೊಡಕನ್ನು ನಾನು ಯೋಚಿಸಿಯೇ ಇರಲಿಲ್ಲ. ಸರಣಿಯ ಬಹುತೇಕ ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ, ಜೊತೆಗೆ ಪುಟದ ಬುಡದಲ್ಲಿ ಅಡಿಟಿಪ್ಪಣಿಗಳು ಬೇರೆ. ಹೆಂಗಸರ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ಓದುವವಳಿಗೆ ಇದು ಸಣ್ಣ ವಿಷಯವಲ್ಲ. ಅವಳೇ ಹುಡುಕಾಡಿ ಅಧ್ಯಾಯಗಳಿರುವ ಒಂದನ್ನು ಎತ್ತಿಕೊಂಡಳು: 2004ರ 'ಗೋಯಿಂಗ್ ಪೋಸ್ಟಲ್', ಸರಣಿಯಲ್ಲಿ ಮೂವತ್ತಮೂರನೆಯದು. ಗಲ್ಲಿನಿಂದ ಉಳಿಸಿದ ವಂಚಕನೊಬ್ಬನಿಗೆ ವೆಟಿನಾರಿ ಪಾಳುಬಿದ್ದ ಅಂಚೆ ಕಚೇರಿಯನ್ನು ನಡೆಸಲು ಕೊಡುತ್ತಾನೆ. ಹಂಚದೆ ಉಳಿದ ಪತ್ರಗಳು ಅಲ್ಲಿ ಛಾವಣಿಯವರೆಗೆ ಪೇರಿಸಿ ಬಿದ್ದಿರುತ್ತವೆ. ಅದನ್ನು ಹೇಳುತ್ತಿದ್ದಂತೆಯೇ ಅವಳು, "ಅಜ್ಜಾ ಟಪಾಲ ಹಂಚತಿದ್ದರಲ್ಲ, ನನಗ ಇದ ಇರಲಿ" ಎಂದಳು. ಗದುಗಿನಲ್ಲಿ ಮೂವತ್ತು ವರ್ಷ ಸೈಕಲ್ ತುಳಿದು ಪತ್ರ ಹಂಚಿದ ಅಪ್ಪನ ಹೆಸರೆತ್ತಿದ ಮೇಲೆ ನನ್ನ ವಾದಕ್ಕೆ ಬಲವೇ ಉಳಿಯಲಿಲ್ಲ. ಆ ಪುಸ್ತಕದಲ್ಲಿ ವೈಮ್ಸ್ ಆಗಲೇ ದೊಡ್ಡ ಮನುಷ್ಯನಾಗಿರುತ್ತಾನೆ, ಗಟಾರದಿಂದ ಅಲ್ಲಿಗೆ ಅವನು ಹೇಗೆ ಬಂದ ಎಂಬ ಸ್ವಾರಸ್ಯ ಸ್ವಲ್ಪ ಸೋರಿಹೋಗುತ್ತದೆ; ಹೋಗಲಿ.

ನಾಳೆ 7.40ರ ಗಾಡಿಗೆ ಹೋಗುವವಳ ಚೀಲದಲ್ಲಿ ನೀರು ಇಳಿಯದಂತೆ ಆ ಪುಸ್ತಕಕ್ಕೆ ಹಾಲಿನ ಪ್ಲಾಸ್ಟಿಕ್ ಚೀಲಗಳನ್ನು ಕತ್ತರಿಸಿ ಹೊದಿಕೆ ಹಾಕಿಕೊಟ್ಟಿದ್ದೇನೆ. ಎಂಟನೆಯದನ್ನು ಕಪಾಟಿನೊಳಗೆ ಸೇರಿಸದೆ, ಅವಳ ಕಣ್ಣಿಗೆ ಬೀಳುವಂತೆ ಫ್ರಿಜ್ಜಿನ ಮೇಲೆ ಬಿಟ್ಟಿದ್ದೇನೆ.